ರಿಟರ್ನ್ ರಾಜನಿಗೊಂದು ಪತ್ರ

ಲೋ ರಿಟರ್ನ್ ರಾಜ,

ಹೇಗಿದ್ದೀಯಾ? ಆಲೆಮನೆ ಶುರುವಾಯಿತಂತೆ. ಅಪ್ಪನ ಮಂಡಿನೋವು ಹೇಗಿದೆ? ನಿಮ್ಮ ಕರಿಯ ಈಗಲೂ ಎಡಗಾಲಿನ ಚಪ್ಪಲಿಯನ್ನೇ ಕದಿಯುತ್ತಾನಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯಾ, ನೀನು ನಕ್ಕರೆ ನಾನೂ ನಗುತ್ತೇನೆ, ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಐದು ತಿಂಗಳಿಂದ ಇದೇ ಆಗಿದೆ.

"ಬರೆಯೋದಾದ್ರೆ ನನಗೆ ಬರಿ, ಊರಿಗೆಲ್ಲ ಯಾಕೋ" ಅಂತ ಬೈಯುತ್ತೀಯಾ, ಗೊತ್ತು. ಸನ್ಮಾನದಲ್ಲಿ ಪೇಟ ತೊಟ್ಟ ಫೋಟೋವನ್ನು ಊರಿಗೆಲ್ಲ ಹಾಕಿದ್ದೆನಲ್ಲ, ಅದಕ್ಕೇ. ಅಲ್ಲಿ ನಾನೂರು ಚಿಲ್ಲರೆ ಜನ ಚಪ್ಪಾಳೆ ತಟ್ಟಿದ್ದಾರೆ. ಅವರೂ ಸ್ವಲ್ಪ ಕೇಳಿಸಿಕೊಳ್ಳಲಿ.

ನಮ್ಮ ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. ಪಾಂಡವಪುರದ ಕುಂತಿ ಬೆಟ್ಟದಲ್ಲಿ ನಮಗೆ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ಆಮೇಲೆ ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ವಾರಕ್ಕೆ ಮೂರು ಸಲ ಹತ್ತಿ ಇಳಿದೆವು. ನಂದಿ ಹತ್ತಿರ ಕಬ್ಬಿನಹಾಲಿನವನು ನಮ್ಮನ್ನು ಏನಂತ ಕರೆಯುತ್ತಿದ್ದ ಅನ್ನುವುದು ಇಲ್ಲಿ ಬೇಡ. ಕಳೆದ ಜೂನ್‌ನಲ್ಲಿ ಮನಾಲಿ ಕಡೆಯ ಫ್ರೆಂಡ್‌ಶಿಪ್ ಪೀಕ್‌ಗೆ ಹೋದೆವು. ಎತ್ತರ 5,289 ಮೀಟರ್. ಮೇಲೆ ಹೋದರೆ ಒಂದು ಉಸಿರಿಗೆ ಇಲ್ಲಿ ಸಿಗುವುದರ ಅರ್ಧಕ್ಕಿಂತ ಚೂರು ಜಾಸ್ತಿ ಗಾಳಿ ಸಿಗುತ್ತದೆ, ಅಷ್ಟೇ. ನಾನು ತುದಿ ಮುಟ್ಟಿದೆ. ನೀನು ಅರ್ಧಕ್ಕೇ ವಾಪಸಾದೆ. ಅಲ್ಲಿಂದ ಈ ಹೆಸರು ನಿನಗೆ ಅಂಟಿತು. ಅಂಟಿಸಿದ್ದು ನಾನು.

ಆ ಬೆಳಿಗ್ಗೆ ಆರು ಗಂಟೆ ನೆನಪಿದೆಯಾ? ಒಂದು ಗಂಟೆಗೆ ಹೊರಡಬೇಕಾಗಿದ್ದ ತಂಡ ಎರಡೂ ಮುಕ್ಕಾಲಿಗೆ ಹೊರಟಿತ್ತು. ಯಾಕೆಂದರೆ ಬಾಡಿಗೆ ಬೂಟಿಗೆ ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳು) ಹೊಂದಿಸಲು ಒಬ್ಬ ಮಹಾನುಭಾವನಿಗೆ ಬರಲಿಲ್ಲ. ಆ ಮಹಾನುಭಾವ ಯಾರು ಅಂತ ಹೇಳಬೇಕಾ? ಬಿಸಿಲು ಆಗಲೇ ಹನುಮಾನ್ ಟಿಬ್ಬಾ ಶಿಖರದ ನೆತ್ತಿಗೆ ತಾಗಿತ್ತು. ನೀನು ವಾಚು ನೋಡಿಕೊಂಡು, ಆಲೆಮನೆಯಲ್ಲಿ ಕೂಲಿ ಲೆಕ್ಕ ಹೇಳುವ ಅದೇ ದನಿಯಲ್ಲಿ ಹೇಳಿದೆ: "ಹೋದ ಒಂದು ಗಂಟೇಲಿ ನೂರೈವತ್ತು ಮೀಟರ್ ಹತ್ತಿದೀವಿ. ಇನ್ನೂ ಏಳುನೂರೈವತ್ತು ಇದೆ. ಅಂದ್ರೆ ಹನ್ನೊಂದು ಗಂಟೆ. ಒಂಬತ್ತಕ್ಕೆ ಎಲ್ಲಿದ್ರೂ ವಾಪಸ್ ಅಂದಿದ್ರು ತಾನೆ? ಈ ಲೆಕ್ಕ ತಾಳೆ ಆಗಲ್ಲ ಕಣೋ. ನಾನು ಇಳೀತೀನಿ."

ಅಷ್ಟೇ. ನಿನಗೆ ತಲೆನೋವಿರಲಿಲ್ಲ, ಸುಸ್ತೂ ಆಗಿರಲಿಲ್ಲ. ಸುಮ್ನೆ ಒಂದು ಭಾಗಾಕಾರ ಮಾಡಿ ತಿರುಗಿಬಿಟ್ಟೆ. ಹೋಗುವಾಗ ನನ್ನ ಒದ್ದೆ ಗ್ಲೌಸ್ ನೋಡಿ ನಿನ್ನ ಕೆಂಪು ಗ್ಲೌಸ್ ಬಿಚ್ಚಿಕೊಟ್ಟೆ. ಆ ಪೇಟದ ಫೋಟೋ ಪಕ್ಕದಲ್ಲಿ ಇನ್ನೊಂದು ಫೋಟೋ ಇದೆ ನೋಡಿ, ತುದಿಯಲ್ಲಿ ಬಾವುಟ ಹಿಡಿದಿರುವುದು. ಅದರಲ್ಲಿ ಕಾಣುವ ಕೆಂಪು ಗ್ಲೌಸ್ ಇವನದು.

ಆಮೇಲೆ ಗಣೇಶನ ಹಬ್ಬ ಬಂತು. ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಮೈಸೂರು ಪೇಟ, ಶಾಲು, ಒಂದು ಬುಟ್ಟಿ ಹಣ್ಣು. ಮೈಕ್ ಹಿಡಿದವರು ನನ್ನನ್ನು ಎವರೆಸ್ಟ್‌ಗೇ ಹತ್ತಿಸಿಬಿಟ್ಟರು, ನಾನೂ ತಿದ್ದಲಿಲ್ಲ. ನೀನು ಹಿಂದಿನ ಸಾಲಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳಿಂದ ಭಾನುವಾರಗಳಲ್ಲಿ ರಾಮನಗರದ ಬಂಡೆಗಳಿಗೆ ಹೋಗುತ್ತಿದ್ದೇನೆ. ಹಗ್ಗದ ಕೆಲಸ ಸರಿಯಾಗಿ ಕಲಿಯೋಣ, ಮುಂದಿನ ಸಲ 6,000 ಮೀಟರಿನದೊಂದು ನೋಡೋಣ ಅಂತ. ಅಲ್ಲೊಬ್ಬರು ಹಿರಿಯರು ಬರುತ್ತಾರೆ. ಮಾತು ಕಡಿಮೆ, ಟೀ ಜಾಸ್ತಿ. ಒಂದಿನ ಅವರಿಗೆ ಆ ಬಾವುಟದ ಫೋಟೋ ತೋರಿಸಿದೆ, ಹೊಗಳಲಿ ಅಂತಲೇ. ಎಷ್ಟು ಎತ್ತರ ಅಂತ ಕೇಳಲಿಲ್ಲ. "ಆಗ ಟೈಮ್ ಎಷ್ಟು?" ಅಂದರು. ಫೋಟೋದ ಕೆಳಗೇ ಇತ್ತು, 11:24. ಅವರು ನೋಡಿದರು, ಫೋನ್ ವಾಪಸ್ ಕೊಟ್ಟರು, ಟೀ ಲೋಟ ತೊಳೆಯಲು ಎದ್ದು ಹೋದರು. ಬೈದಿದ್ದರೆ ಬೈಸಿಕೊಂಡು ಮರೆತುಬಿಡುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ನೆನಪಾದರು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಅವರು ಒಂದಿಷ್ಟು ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ನೋಡುತ್ತಾರಲ್ಲ. ಹದ ತಪ್ಪಿದರೆ ಆವತ್ತೇ ಗೊತ್ತಾಗುತ್ತದೆ. ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ, ಇಲ್ಲವೇ ಸೀದು ಕಪ್ಪಾಗುತ್ತದೆ. ಯಾರೂ ಬಂದು ಸೀದ ಬೆಲ್ಲಕ್ಕೆ ಶಾಲು ಹೊದಿಸುವುದಿಲ್ಲ. ಬೆಟ್ಟದಲ್ಲಿ ನಾನು ಹದ ತಪ್ಪಿದೆ, ನನಗೆ ಪೇಟ ಸಿಕ್ಕಿತು. ನೀನು ಹದ ನೋಡಿ ಇಳಿದೆ, ನಿನಗೆ ಅಡ್ಡಹೆಸರು ಸಿಕ್ಕಿತು. ಆಲೆಮನೆಯಲ್ಲಿ ಬೆಳೆದವನಿಗೂ ಹಬ್ಬಕ್ಕೆ ಮಾತ್ರ ಬೆಲ್ಲ ನೋಡಿದವನಿಗೂ ಇರುವ ವ್ಯತ್ಯಾಸ ಇದೇ ಏನೋ.

ಗ್ಲೌಸ್ ವಿಷಯ ಈಗ ಹೇಳಿಬಿಡುತ್ತೇನೆ. ಸಂಜೆ ಕ್ಯಾಂಪಿಗೆ ಬಂದಾಗ ನೀನು ಟೀ ಹಿಡಿದು ನಿಂತಿದ್ದೆ, ಇನ್ನೊಂದು ಗ್ಲೌಸ್ ಎಲ್ಲೋ ಅಂದೆ. ತುದಿಯಲ್ಲಿ ಗಾಳಿ ಹೊತ್ತುಕೊಂಡು ಹೋಯಿತು ಅಂದೆ ನಾನು. ಆವತ್ತು ತುದಿಯಲ್ಲಿ ಗಾಳಿಯೇ ಇರಲಿಲ್ಲ. ಬಾವುಟ ನೋಡು, ಜೋತುಬಿದ್ದಿದೆ.

ನಾನು ಜಾರಿ ಬಿದ್ದೆ ಕಣೋ. ಇಳಿಯುವಾಗ ಹನ್ನೆರಡೂವರೆ. ಬೆಳಿಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನದ ಬಿಸಿಲಿಗೆ ಕಲಸಿದ ಅನ್ನದಂತಾಗಿತ್ತು. ಅಂಥ ಹಿಮ ಕ್ರ್ಯಾಂಪನ್ ಮುಳ್ಳುಗಳ ನಡುವೆ ಮೆತ್ತಿ ಉಂಡೆ ಕಟ್ಟುತ್ತದೆ. ನನ್ನ ಕಾಲ ಕೆಳಗೆ ಎರಡು ರಾಗಿಮುದ್ದೆ ಇಟ್ಟಂತಿತ್ತು, ಮುಳ್ಳು ಹಿಮಕ್ಕೆ ತಾಗುತ್ತಲೇ ಇರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಹಿಮಗೊಡಲಿಯ, ಅಂದರೆ ಐಸ್ ಆ್ಯಕ್ಸ್‌ನ ಹಿಡಿಯಿಂದ ಬೂಟಿನ ಪಕ್ಕಕ್ಕೆ ತಟ್ಟಿ ಉದುರಿಸಬೇಕು. ಅದನ್ನು ಹೇಳಿಕೊಟ್ಟಿದ್ದರು. ನಾನು ಊಟದ ಬಗ್ಗೆ ಯೋಚಿಸುತ್ತಿದ್ದೆ. ಹತ್ತಿದವರು ಹತ್ತಿಯಾಯಿತು ಅಂದುಕೊಂಡ ಕ್ಷಣವೇ ಅದು ಆಗುವುದಂತೆ.

ನಲವತ್ತು ಮೀಟರ್ ಇರಬಹುದು. ಜಾರಿದ ಕೂಡಲೇ ಬೋರಲು ತಿರುಗಿ, ಆ್ಯಕ್ಸ್‌ನ ಕೊಕ್ಕನ್ನು ಭುಜದ ಹತ್ತಿರ ಹಿಮಕ್ಕೆ ಒತ್ತಿ, ಎದೆಯ ಭಾರ ಅದರ ಮೇಲೆ ಹಾಕಬೇಕು. ಕ್ರ್ಯಾಂಪನ್ ಇದ್ದರೆ ಪಾದ ಮೇಲೆತ್ತಬೇಕು, ಇಲ್ಲವಾದರೆ ಮುಳ್ಳು ಸಿಕ್ಕಿ ಪಲ್ಟಿ ಹೊಡೆಸುತ್ತದೆ. ಕ್ಯಾಂಪ್ ಪಕ್ಕದ ದಿಬ್ಬದಲ್ಲಿ ನಾವು ಇದನ್ನು ನಾಲ್ಕು ಸಲ ಮಾಡಿದ್ದೆವು, ನೀನು ವೀಡಿಯೋ ಮಾಡಿ ಹಿಂದಿನಿಂದ ಆ ಹಾಡು ಹಾಕಿದ್ದೆ. ನಿಜವಾಗಿ ಜಾರಿದಾಗ ನನ್ನ ಆ್ಯಕ್ಸ್ ಮಣಿಕಟ್ಟಿನ ದಾರದಲ್ಲಿ ನೇತಾಡುತ್ತಾ ನನ್ನ ಸುತ್ತಲೇ ಬಡಿದುಕೊಳ್ಳುತ್ತಿತ್ತು. ನಾನು ಏನೂ ಮಾಡಲಿಲ್ಲ. ಏನೂ. ಕೆಳಗೆ ಸ್ವಲ್ಪ ಸಮತಟ್ಟಾಗಿ ಮೆದು ಹಿಮ ಇತ್ತು, ಅದು ನಿಲ್ಲಿಸಿತು. ಇಪ್ಪತ್ತು ಹೆಜ್ಜೆ ಎಡಕ್ಕೆ ಜಾರಿದ್ದರೆ ಬಂಡೆ. ಗೈಡ್ ಓಡಿ ಬಂದು "ಠೀಕ್ ಹೈ?" ಅಂದರು, ನಾನು "ಠೀಕ್ ಹೈ" ಅಂದೆ. ಒಂದು ಕೈಯಲ್ಲಿ ಗ್ಲೌಸ್ ಇರಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅದನ್ನು ನಮ್ಮ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಹುಚ್ಚನ ಹಾಗೆ ಕಲಿಯುತ್ತಿದ್ದೇನೆ. ಟೆರೇಸಿನ ನೀರಿನ ಟ್ಯಾಂಕಿನ ಕಂಬಕ್ಕೆ ಹಗ್ಗ ಕಟ್ಟಿ ಪ್ರೂಸಿಕ್ ಗಂಟು (ಭಾರ ಬಿದ್ದರೆ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಗಂಟು) ಹಾಕಿ, ಹಿಮದ ಬಿರುಕಿನಿಂದ ಜನರನ್ನು ಎಳೆಯುವ ವಿದ್ಯೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಎಳೆದೆ. ಹಗ್ಗವನ್ನು ಮಡಿಸಿ ಹಾಯಿಸಿ ಎಳೆದರೆ ಭಾರ ಮೂರನೇ ಒಂದು ಪಾಲಾಗುತ್ತದೆ ಅನ್ನುವುದು ಕಾಗದದ ಲೆಕ್ಕ. ಕ್ಯಾರಬೀನರ್ ಅನ್ನುವ ಲೋಹದ ಕೊಂಡಿ‌ಗಳಲ್ಲಿ ಹಗ್ಗ ಉಜ್ಜುವುದರಿಂದ ಅರ್ಧವಾದರೂ ಕಡಿಮೆಯಾದರೆ ಪುಣ್ಯ. "ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿ ಇದನ್ನ ಕಟ್ಟಿದೀಯಾ" ಅಂತ ಅಮ್ಮ ಕೂಗಾಡಿದರು. ಹಿಮ ಕುಸಿಯುವುದು ಜಾಸ್ತಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಂತ ಓದಿದ ಮೇಲೆ ಓರೆಯಾಗಿ ಕಂಡದ್ದಕ್ಕೆಲ್ಲ ಫೋನ್ ಇಟ್ಟು ಅಳೆಯುತ್ತೇನೆ. ಪಕ್ಕದ ಮನೆಯ ಹಂಚಿನ ಮಾಡು 28, ಬಚಾವು.

ಗಂಟು ಬರುತ್ತದೆ ಕಣೋ. ಗಂಟು ಕಲಿಯಬಹುದು. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಇಯಾನ್ ಮೆಕ್‌ಕ್ಯಾಮನ್ ಅನ್ನುವ ಅಮೆರಿಕದವರೊಬ್ಬರು 715 ಹಿಮಕುಸಿತದ ಅಪಘಾತಗಳನ್ನು ಕೂತು ಅಭ್ಯಾಸ ಮಾಡಿ, ಮನುಷ್ಯರ ತಲೆ ಬೀಳುವ ಆರು ಬಲೆಗಳನ್ನು ಹೇಳಿದ್ದಾರೆ. ಓದುತ್ತಾ ಹೋದರೆ ನನ್ನ ಆ ರಾತ್ರಿಯ ದಿನಚರಿ. ದುಡ್ಡು ಕಟ್ಟಿ ಇಷ್ಟು ದೂರ ಬಂದಾಗಿದೆ. ಗೈಡ್‌ಗೆ ಗೊತ್ತಿರುತ್ತದೆ ಬಿಡು. ಮುಂದೆ ಹೋದವರ ಹೆಜ್ಜೆಗುರುತು ಇದೆಯಲ್ಲ. ನಾಳೆ ಹವಾಮಾನ ಕೆಡುತ್ತದಂತೆ, ಇವತ್ತೇ ಆಗಬೇಕು. ಮತ್ತೆ, ನಾಲ್ಕು ಜನ ಮೆಚ್ಚಬೇಕು.

ಆ ಹಿರಿಯರು ಇನ್ನೊಂದು ಭಾನುವಾರ ಗೋರಾನ್ ಕ್ರಾಪ್ ಕಥೆ ಹೇಳಿದರು. ಸ್ವೀಡನ್ನಿನಿಂದ ನೇಪಾಳದವರೆಗೆ ಸೈಕಲ್ ತುಳಿದು ಬಂದು, 1996ರ ಮೇ 3ರಂದು ಎವರೆಸ್ಟ್ ತುದಿಗೆ ಸುಮಾರು ನೂರು ಮೀಟರ್ ಉಳಿದಿರುವಾಗ ಹೊತ್ತಾಯಿತು ಅಂತ ತಿರುಗಿದವನು. ಒಂದು ವಾರಕ್ಕೆ ಅದೇ ಬೆಟ್ಟದಲ್ಲಿ ಬಿರುಗಾಳಿಗೆ ಸಿಕ್ಕಿ 8 ಜನ ಸತ್ತರು. ಇವನು ಮೇ 23ಕ್ಕೆ ಮತ್ತೆ ಹೋಗಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ ತುದಿ ಮುಟ್ಟಿ ಬಂದ. ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. 2002ರಲ್ಲಿ ಅಮೆರಿಕದ ಒಂದು ಸಣ್ಣ ಬಂಡೆಯಿಂದ ಬಿದ್ದು ಸತ್ತನಂತೆ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಅವರೂ ಹೇಳಲಿಲ್ಲ, ಮತ್ತೆ ಟೀ ತರಲು ಹೋದರು.

ಇಷ್ಟು ಬರೆದ ಮೇಲೆ ಕ್ಷಮೆ ಕೇಳಿ ಮುಗಿಸೋಣ ಅಂತಿದ್ದೆ. ಆದರೆ ಇನ್ನೊಂದು ಉಳಿದಿದೆ. ಆರು ಗಂಟೆಗೆ ನೀನು ಇಳೀತೀನಿ ಅನ್ನುವ ಮೊದಲೇ ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ರಾತ್ರಿಯಿಂದ ತಲೆ ಸಿಡಿಯುತ್ತಿತ್ತು, ಗೈಡ್ ಕೇಳಿದಾಗ ಇಲ್ಲ ಅಂದಿದ್ದೆ. ನೀನು ಮೊದಲು ಹೇಳಿಬಿಟ್ಟೆ. ಆಗ ನನಗೆ ಬೇಜಾರಾಗಲಿಲ್ಲ. ಖುಷಿಯಾಯಿತು. ಇವನು ಇಳಿದರೆ ಊರಿನಲ್ಲಿ ಹತ್ತಿದವನು ನಾನೊಬ್ಬನೇ ಅಂತ. ಕಾಲೇಜಿನಿಂದಲೂ ನೀನು ನನಗಿಂತ ಒಂದು ಮೆಟ್ಟಿಲು ಮೇಲೆ, ಈಜಿನಲ್ಲಿ, ಲೆಕ್ಕದಲ್ಲಿ, ಆ ಮೂರನೇ ಬೆಂಚಿನ ವಿಷಯದಲ್ಲೂ. ನಿನ್ನ ಗ್ಲೌಸ್ ಹಾಕಿಕೊಂಡು, ನೀನು ಕೆಳಗೆ ಚುಕ್ಕಿಯಾಗುವುದನ್ನು ನೋಡುತ್ತಾ ಖುಷಿಪಟ್ಟೆ. ನೀನು ಹೇಗೆ ಇಳಿದೆ, ಜೊತೆಗೆ ಯಾರು ಬಂದರು, ಇವತ್ತಿನವರೆಗೂ ಕೇಳಿಲ್ಲ.

ಸರಿ, ಜಾಸ್ತಿ ಆಯಿತು. ಇದನ್ನು ಅಮ್ಮ ಓದುವುದಿಲ್ಲ, ಆದರೆ ಚಿಕ್ಕಮ್ಮ ಓದುತ್ತಾರೆ, ಅಂದರೆ ರಾತ್ರಿ ಊಟದ ಹೊತ್ತಿಗೆ ನನ್ನ ಹಗ್ಗ, ಹಾರ್ನೆಸ್ ಎಲ್ಲ ಅಟ್ಟ ಸೇರಿರುತ್ತವೆ. ಪೆಂಡಾಲಿನವರು ಪೇಟ ವಾಪಸ್ ಕೇಳಿದರೆ ಕೊಡುತ್ತೇನೆ, ಹಣ್ಣು ಮಾತ್ರ ತಿಂದಾಗಿದೆ.

ಉಳಿದ ಆ ಒಂದು ಕೆಂಪು ಗ್ಲೌಸ್ ಒಗೆದು ಪಾರ್ಸೆಲ್ ಮಾಡಿದ್ದೇನೆ. ಬಲಗೈದು. ನಿಮ್ಮ ಕರಿಯನ ಕೈಗೆ ಸಿಗದ ಹಾಗೆ ಇಡು, ಅವನಿಗೆ ಒಂಟಿ ಸಾಮಾನೇ ಇಷ್ಟ. ಹೊಸ ಜೊತೆ ಕೊಡಿಸುತ್ತೇನೆ, ಬಣ್ಣ ನೀನೇ ಹೇಳು. ಬರುವಾಗ ಎರಡು ಅಚ್ಚು ಬೆಲ್ಲ ತಾ, ಸೀದದ್ದಾದರೂ ಪರವಾಗಿಲ್ಲ.

ಇತಿ,
ಪೇಟ