ಪುಡಿ ತರಿಸಬೇಡ ಪುಟ್ಟಾ

ಪ್ರೀತಿಯ ಪುಟ್ಟಾ,

ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ನಡುರಾತ್ರಿ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಏನೋ ಆಗಿಬಿಡುತ್ತದೆ ಅನ್ನಿಸುತ್ತದೆ ಅಂತ ಬರೆದಿದ್ದೀಯ. ಇದನ್ನು ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದೆಯಲ್ಲ ಅಂತ ಕರುಳು ಚುರುಕ್ ಅಂದಿತು. ಮಿದುಳಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಕಡಿಮೆಯಾದರೆ ಆತಂಕ ಬರುತ್ತದಂತೆ, ಅದನ್ನು ಹೆಚ್ಚಿಸುವ ಪುಡಿ ತರಿಸಲೇ ಅಂತಲೂ ಕೇಳಿದ್ದೀಯ. ಬೇಡ. 30 ವರ್ಷ ಶರೀರಶಾಸ್ತ್ರ ಪಾಠ ಹೇಳಿದವಳು ನಾನು, ಯಾಕೆ ಬೇಡ ಅಂತ ಬಿಡಿಸಿ ಹೇಳದಿದ್ದರೆ ನನಗೇ ಸಮಾಧಾನವಿಲ್ಲ.

ಎದೆನೋವು ಬಂದಾಗ ಅಜ್ಜಿ ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದ ಸಣ್ಣ ಮಾತ್ರೆ ನೆನಪಿದೆಯಾ? ಸ್ವಲ್ಪ ಹೊತ್ತಿಗೆ ಬಿಗಿದಿದ್ದ ಮುಖ ಸಡಿಲವಾಗುತ್ತಿತ್ತು, ಸೆರಗು ಹಿಡಿದಿದ್ದ ಮುಷ್ಟಿ ಬಿಚ್ಚಿಕೊಳ್ಳುತ್ತಿತ್ತು. ಆ ಮಾತ್ರೆಯಿಂದ ಮೈಯೊಳಗೆ ಹುಟ್ಟುತ್ತಿದ್ದದ್ದು ಇದೇ ಅನಿಲ. ಅದು ರಕ್ತನಾಳಗಳಿಗೆ ಸಂದೇಶ ಒಯ್ಯುತ್ತದೆ ಎಂದು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಮಿದುಳಿನ ಕೋಶಗಳೂ ಇಂಥದೇ ವಸ್ತುವನ್ನು ಹೊರಬಿಡುತ್ತವೆ ಎಂದು ಗಾರ್ತ್‌ವೇಟ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದರು.

ಸಿರೊಟೋನಿನ್‌ನಂಥ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು ನರಕೋಶದ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಕಾದಿರುತ್ತವೆ. ಈ ಅನಿಲಕ್ಕೆ ಚೀಲವೂ ಇಲ್ಲ, ಬಾಗಿಲೂ ಬೇಕಿಲ್ಲ. ಬೇಕಾದ ಗಳಿಗೆಯಲ್ಲಿ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಹುಟ್ಟಿ, ಪೊರೆಯನ್ನೇ ದಾಟಿ ಸುತ್ತಲೂ ಹರಡಿ, ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಸಂದೇಶ ಪಡೆದ ಕೋಶದಿಂದ ಕಳಿಸಿದ ಕೋಶಕ್ಕೆ ಹಿಂದಕ್ಕೂ ಹೋಗಬಲ್ಲದು. ಹೆದರಿಕೆಯ ನೆನಪು ಬೇರೂರುವ, ಅಮಿಗ್ಡಲ ಎಂಬ ಮಿದುಳಿನ ಭಾಗದಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ಅಲ್ಲಿ ಇದನ್ನು ತಡೆದರೆ ಇಲಿಗಳಲ್ಲಿ ಭಯದ ನೆನಪು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಂದರೆ ಅಲ್ಲಿ ಅದು ಭಯಕ್ಕೇ ಕೈಜೋಡಿಸುತ್ತಿದೆ! ಬೇರೆ ಪ್ರಯೋಗಗಳಲ್ಲಿ, ಬೇರೆ ಪ್ರಮಾಣದಲ್ಲಿ, ಫಲಿತಾಂಶ ಉಲ್ಟಾ ಬಂದದ್ದೂ ಇದೆ. ಯಾವ ಜಾಗದಲ್ಲಿ, ಎಷ್ಟು, ಯಾವಾಗ ಎಂಬುದರ ಮೇಲೆ ಎಲ್ಲ ನಿಂತಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಮಿದುಳು ಅತಿ ಸಣ್ಣ ಪ್ರಮಾಣದಲ್ಲಿ ತಾನೇ ತಯಾರಿಸುತ್ತದೆ. ಅವುಗಳ ಕಥೆಯೂ ಇಷ್ಟೇ ತೊಡಕಿನದು.

ಹೀಗಿರುವಾಗ ಡಬ್ಬಿಯ ಪುಡಿಗೆ ಮಿದುಳಿನ ಯಾವ ಮೂಲೆ ಅಂತ ಹೇಗೆ ಗೊತ್ತಾಗಬೇಕು? ಅಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್ಜಿನೈನ್. ಅದು ರಕ್ತದೊತ್ತಡ ಇಳಿಸಬಹುದು, ಕೆಲವು ಔಷಧಿಗಳ ಜೊತೆ ಹೊಂದುವುದಿಲ್ಲ. ಮೊದಲೇ ತಲೆಸುತ್ತಿಗೆ ಹೆದರುವವಳು ನೀನು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಅಮಿಗ್ಡಲ ಹಾಳಾಗಿ ಹೆದರಿಕೆಯೇ ಇಲ್ಲದಂತಿದ್ದ ಮೂವರಿಗೆ 35% ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಉಸಿರಾಡಿಸಿದಾಗ ಅವರೂ ದಿಗಿಲುಬಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಹೆದರಿಕೆ ಒಂದೇ ದಾರಿಯಿಂದ ಬರುವುದಿಲ್ಲ, ಮಗಳೇ. ನೀನು ಪುಕ್ಕಲಿ ಅಂತ ನಿನ್ನನ್ನು ನೀನೇ ಬೈದುಕೊಂಡಿದ್ದೀಯಲ್ಲ, ಆ ಸಾಲು ಓದಿ ನನಗೆ ತುಂಬ ಬೇಜಾರಾಯಿತು. ಹಾಗೆ ಬೈದುಕೊಳ್ಳಬೇಡ.

ನಿನ್ನ ಬೆರಳು ಜುಮ್ಮೆನ್ನುವುದಕ್ಕೆ ಬಹುಶಃ ಬೇರೆ ಕಾರಣವಿದೆ. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು ಹೀಗಾಗುತ್ತದೆ. ಮುಂದಿನ ಸಲ ಎದ್ದು ಕೂತು, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಗೆ ಬಿಡು. ಕೆಲವು ನಿಮಿಷ ಬಿಡದೆ ಮಾಡು.

ಈ ವಾರವೇ ಡಾಕ್ಟರನ್ನು ಕಾಣು. ಥೈರಾಯ್ಡ್ ಪರೀಕ್ಷೆಯನ್ನೂ ಕೇಳು, ಅದು ಏರಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಯಾವ ದಿನ ಅಂತ ತಿಳಿಸು, ನಾನೂ ಜೊತೆಗೆ ಬರುತ್ತೇನೆ.

ನಿನ್ನ ಪ್ರೀತಿಯ,
ದೊಡ್ಡಮ್ಮ