ಶಾಕ್ ಫೋರ್ಕ್: ಮೊದಲು ಅಳತೆ, ಆಮೇಲೆ ಬೆಲೆ

ಮಾನ್ಯ ಸಂಪಾದಕರೇ,

ಗೇರ್ ಸೈಕಲ್‌ಗೆ ತೂಗುಹಾಕಿದ ಚೀಟಿಯಲ್ಲಿ 21 ಸ್ಪೀಡ್, ಡಿಸ್ಕ್ ಬ್ರೇಕ್ ಎಂದೆಲ್ಲ ಇರುತ್ತದೆ. ಮುಂದಿನ ಗಾಲಿ ಹಿಡಿಯುವ ಫೋರ್ಕ್ ಬಗ್ಗೆ ಮಾತ್ರ ‘ಸಸ್ಪೆನ್ಷನ್’ ಎಂಬ ಒಂದೇ ಪದ. ಆ ಫೋರ್ಕ್ ಹಾಳಾದಾಗ ಬೆಲೆ, ಬಣ್ಣ ನೋಡಿ ಆನ್‌ಲೈನ್‌ನಲ್ಲಿ ಇನ್ನೊಂದು ತರಿಸುತ್ತಾರೆ. ಅದು ಫ್ರೇಮಿಗೆ ಕೂರುವುದೇ ಇಲ್ಲ.

ಮೊದಲು ನೋಡಬೇಕಾದ್ದು ಸ್ಟೀರರ್, ಅಂದರೆ ಫ್ರೇಮಿನೊಳಗೆ ತೂರಿ ಹ್ಯಾಂಡಲ್ ಸೇರುವ ಕೊಳವೆ. ಅಗ್ಗದ ಸೈಕಲ್‌ಗಳಲ್ಲಿ ಇದಕ್ಕೆ ಥ್ರೆಡ್ ಇರುತ್ತದೆ. ಈಗ ಬರುವ ಒಳ್ಳೆಯ ಫೋರ್ಕ್‌ಗಳಿಗೆ ಥ್ರೆಡ್ ಇಲ್ಲ, ಹಾಗಾಗಿ ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗು), ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಎರಡನ್ನೂ ಬದಲಿಸಬೇಕು. ಆ ಖರ್ಚನ್ನು ಮೊದಲೇ ಕೂಡಿಸಿಕೊಳ್ಳಿ. ಸ್ಟೀರರ್ ತೂರುವ ಫ್ರೇಮಿನ ಕೊಳವೆ, ಅಂದರೆ ಹೆಡ್ ಟ್ಯೂಬಿನ ಒಳ ಅಗಲ ಎರಡೂ ತುದಿಯಲ್ಲಿ 34 ಮಿ.ಮೀ. ಇದ್ದರೆ 28.6 ಮಿ.ಮೀ.ನ ನೇರ ಸ್ಟೀರರ್ ಮಾತ್ರ ಹಿಡಿಸುತ್ತದೆ. ಕೆಳಗೆ ದಪ್ಪವಾಗುವ ಟೇಪರ್ಡ್ ಸ್ಟೀರರ್ ಅಲ್ಲಿ ಹೋಗದು. ಅಗಲ 44 ಮಿ.ಮೀ. ಇದ್ದರೆ ಕೆಳಗೆ ಹೊರಗಿನ ಕಪ್ (ಬೇರಿಂಗ್ ಕೂರುವ ಬಟ್ಟಲು) ಹಾಕಿ ಟೇಪರ್ಡ್ ಕೂರಿಸಬಹುದು. ಸೆಕೆಂಡ್ ಹ್ಯಾಂಡ್ ಆದರೆ ಸ್ಟೀರರ್ ಮೊದಲೇ ಗಿಡ್ಡವಾಗಿ ಕತ್ತರಿಸಿರಬಹುದು. ಉದ್ದ ಕೇಳದೆ ದುಡ್ಡು ಕಳಿಸಬೇಡಿ. ಮುಂದಿನ ಹಬ್ (ಗಾಲಿಯ ನಡುಭಾಗ) ಸನ್ನೆ ಎತ್ತಿ ಬಿಚ್ಚುವ 9 ಮಿ.ಮೀ. ಕ್ವಿಕ್ ರಿಲೀಸ್‌ನದೋ, 15 ಮಿ.ಮೀ.ನ ದಪ್ಪ ಆಕ್ಸಲ್‌ನದೋ ನೋಡಿ, ಆಕ್ಸಲ್‌ನಲ್ಲೂ 100 ಮತ್ತು 110 ಮಿ.ಮೀ. ಎಂಬ ಎರಡು ಅಗಲಗಳಿವೆ. ರಿಮ್ ಹಿಡಿಯುವ ವಿ-ಬ್ರೇಕ್ ಇದ್ದವರು ಇನ್ನೂ ಹುಷಾರಾಗಿರಬೇಕು, ಹೊಸ ಫೋರ್ಕ್‌ಗಳಲ್ಲಿ ಅದನ್ನು ಕೂರಿಸುವ ಜಾಗವೇ ಬಹುಪಾಲು ಮಾಯವಾಗಿದೆ.

ಹೆಚ್ಚು ಕುಗ್ಗಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ದುಬಾರಿಯಾದೀತು. 100 ಮಿ.ಮೀ. ಟ್ರಾವೆಲ್‌ಗೆ (ಫೋರ್ಕ್ ಕುಗ್ಗುವ ಉದ್ದ) ಮಾಡಿದ ಫ್ರೇಮಿಗೆ 120ರದ್ದು ಹಾಕಿದರೆ ಮುಂಭಾಗ ಎತ್ತರಿಸಿ ಹೆಡ್ ಆ್ಯಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ವಾಲುತ್ತದೆ. ಅಷ್ಟನ್ನು ಕೆಲವು ಫ್ರೇಮ್ ತಾಳುತ್ತವೆ. 140 ಹಾಕಿದರೆ ಏರಿನಲ್ಲಿ ಮುಂದಿನ ಗಾಲಿ ನೆಲ ಬಿಡುತ್ತದೆ, ಹೆಡ್ ಟ್ಯೂಬಿನ ವೆಲ್ಡ್ ಮೇಲೆ ಒತ್ತಡ ಬೀಳುತ್ತದೆ.

ಇನ್ನು ಸ್ಪ್ರಿಂಗ್. ಸನ್‌ಟೂರ್ ಎಕ್ಸ್‌ಸಿಟಿಯಂಥ ಆರಂಭದ ಮಾದರಿಯಲ್ಲಿ ಉಕ್ಕಿನ ಕಾಯಿಲ್ ಇರುತ್ತದೆ. 50 ಕೆ.ಜಿ.ಯ ಹುಡುಗನಿಗೆ ಅದು ಅಲುಗದು, 95 ಕೆ.ಜಿ.ಯವರಿಗೆ ತಳ ಮುಟ್ಟುತ್ತದೆ. ಮೇಲಿನ ಪ್ರಿಲೋಡ್ ತಿರುಪು ತಿರುಗಿಸಿದರೆ ಸ್ಪ್ರಿಂಗಿನ ಗಡಸುತನ ಬದಲಾಗದು, ಕುಗ್ಗಲು ಶುರುವಾಗುವ ಬಿಂದು ಮಾತ್ರ ಬದಲಾಗುತ್ತದೆ. ಗಾಳಿ ತುಂಬುವ ಫೋರ್ಕ್‌ನ ದೊಡ್ಡ ಲಾಭ ಇಲ್ಲೇ: ನಮ್ಮ ತೂಕಕ್ಕೆ ತಕ್ಕಂತೆ ಒತ್ತಡ ಇಡಬಹುದು. ಸನ್‌ಟೂರ್‌ನದೇ ಎಕ್ಸ್‌ಸಿಆರ್‌ನ ಏರ್ ಮಾದರಿ, ರಾಕ್‌ಶಾಕ್ಸ್ ಜೂಡಿ ಈ ಸಾಲಿನಲ್ಲಿ ಕೈಗೆಟುಕುವಂಥವು. ಆದರೆ ಟೈರಿಗೆ ಗಾಳಿ ಹೊಡೆಯುವ ಪಂಪು ಇದಕ್ಕೆ ಆಗದು. ಶಾಕ್ ಪಂಪ್ ಬೇರೆಯೇ ಕೊಳ್ಳಬೇಕು. ಒಳಗೆ ಜಾರುವ ಕೊಳವೆಗೆ ಒಂದು ಜಿಪ್ ಟೈ ಕಟ್ಟಿ, ಸೈಕಲ್ ಮೇಲೆ ಮೆಲ್ಲಗೆ ಕೂತು, ಹಾಗೇ ಇಳಿದು ಟೈ ಎಷ್ಟು ಸರಿದಿದೆ ಎಂದು ಅಳೆಯಿರಿ. 100 ಮಿ.ಮೀ. ಫೋರ್ಕ್ 20ರಿಂದ 25 ಮಿ.ಮೀ. ತಗ್ಗಿದ್ದರೆ ಸರಿ.

ರಿಬೌಂಡ್ (ಕುಗ್ಗಿದ್ದು ಮರಳುವ ವೇಗ) ಹೊಂದಾಣಿಕೆ ಇಲ್ಲದ ಫೋರ್ಕನ್ನು ಕಾಡುದಾರಿಗೆಂದು ಕೊಳ್ಳಲೇಬೇಡಿ. ಅದುಮಿ ಬಿಟ್ಟಾಗ ಕಪ್ಪೆಯಂತೆ ನೆಗೆಯುವ ಫೋರ್ಕ್ ಇಳಿಜಾರಿನಲ್ಲಿ ಹ್ಯಾಂಡಲನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಹಳೆಯದನ್ನು ಪರೀಕ್ಷಿಸುವಾಗ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕೊಳವೆ ಒಳಹೋಗುವಲ್ಲಿರುವ ರಬ್ಬರ್ ಸೀಲ್ ಹತ್ತಿರ ಬೆರಳಿಡಿ. ಕಟಕಟ ಅಲ್ಲಿ ಸಿಕ್ಕಿದರೆ ಒಳಗೆ ಕೊಳವೆ ಜಾರುವ ಬುಶ್ ಸವೆದಿದೆ. ಹೆಡ್‌ಸೆಟ್ ಬಳಿ ಸಿಕ್ಕಿದರೆ ಬಿಗಿ ಮಾಡಿದರೆ ಸಾಕಾಗಬಹುದು.

ಮಲೆನಾಡಿನವರಿಗೆ ಒಂದು ಮಾತು. ಅಗ್ಗದ ಫೋರ್ಕ್‌ನ ಉಕ್ಕಿನ ಕೊಳವೆಯ ಕ್ರೋಮ್ ಲೇಪ ಎದ್ದರೆ ತುಕ್ಕು ಹಿಡಿದು ಸೀಲನ್ನು ಹರಿಯುತ್ತದೆ, ಆ ಸಂದಿಯಲ್ಲಿ ಕೆಮ್ಮಣ್ಣು ಒಳಸೇರುತ್ತದೆ. ಸವಾರಿ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿ. ವಾಟರ್ ಸರ್ವಿಸ್‌ನ ಪೈಪನ್ನು ಸೀಲಿನತ್ತ ಹಿಡಿಯಲು ಬಿಡಬೇಡಿ. ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲುಗಳನ್ನು ಬಿಚ್ಚಿ ಒರೆಸಿ, ಫೋರ್ಕ್‌ಗೆಂದೇ ಬರುವ ಗ್ರೀಸ್ ಅಥವಾ ಆಯಿಲ್ ಹಾಕಿಸಬೇಕು.

ಊರೊಳಗಿನ ಹಂಪ್ ದಾಟಲಷ್ಟೇ ಸೈಕಲ್ ಬೇಕಾದವರಿಗೆ ಇದ್ಯಾವ ತಾಪತ್ರಯವೂ ಬೇಡ. ಅದೇ ಎತ್ತರದ, ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್, 2.1 ಇಂಚಿನ ಟೈರು ಹಾಕಿಸಿದರೆ ಒಂದು ಕಿಲೋಗೂ ಹೆಚ್ಚು ತೂಕ ಇಳಿಯುತ್ತದೆ. ಸೈಕಲ್ ತಯಾರಕರು ಸ್ಟೀರರ್ ಬಗೆ, ಟ್ರಾವೆಲ್, ಆಕ್ಸಲ್, ಫೋರ್ಕ್‌ನ ತೂಕ ಇವಿಷ್ಟನ್ನಾದರೂ ಆ ಚೀಟಿಯಲ್ಲಿ ಅಚ್ಚು ಹಾಕಲಿ. ಅದಕ್ಕೆ ಎರಡು ಸಾಲು ಜಾಗ ಸಾಕು.

– ಸೈಕಲ್ ರಿಪೇರಿಗಾರರು, ಚಿಕ್ಕಮಗಳೂರು