ಹಾಕದ ಸ್ಪ್ರಾಕೆಟ್‌ಗೆ ಬಿಲ್, ಮುಗಿಯದ ಕ್ಲಚ್ ಕೆಲಸ: ಒಂದು ದೂರು

ಗೆ,
ಸರ್ವೀಸ್ ಮ್ಯಾನೇಜರ್ ಅವರಿಗೆ,

ವಿಷಯ: ಮೂರು ಚಕ್ರದ ಸ್ಪೋರ್ಟ್ಸ್ ಗಾಡಿಯ ಕ್ಲಚ್ ಮತ್ತು ಡ್ರೈವ್ ಭಾಗಗಳ ಬದಲಾವಣೆಯಲ್ಲಿ ಆಗಿರುವ ಲೋಪ ಹಾಗೂ ಬದಲಾಯಿಸದ ಭಾಗಕ್ಕೆ ಹಣ ಪಡೆದಿರುವ ಕುರಿತು.

ಮಾನ್ಯರೇ,

ಕಳೆದ ತಿಂಗಳು ನನ್ನ ಗಾಡಿಯನ್ನು ತಮ್ಮ ವರ್ಕ್‌ಶಾಪಿನಲ್ಲಿ ಬಿಟ್ಟು, 11 ದಿನ ಕಾದು, ಬಿಲ್ಲಿನ ಪೂರ್ತಿ ಹಣ ಕಟ್ಟಿ ವಾಪಸ್ ತಂದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಡ್ರೈವ್ ಬೆಲ್ಟ್, ಆ ಬೆಲ್ಟ್ ಕೂರುವ ಹಲ್ಲಿನ ಚಕ್ರಗಳಾದ ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಇಷ್ಟನ್ನೂ ಹೊಸದು ಹಾಕಿದ್ದೇವೆ ಎಂದು ಬಿಲ್ಲಿನಲ್ಲಿದೆ. ಹಿಂದಿನ ಸ್ಪ್ರಾಕೆಟ್ ಹೊಸದಲ್ಲ, ನನ್ನ ಹಳೆಯದೇ. ಇದು ಊಹೆಯ ಮಾತಲ್ಲ. ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಬರೆದಿದ್ದೇನೆ.

ಗಾಡಿ ತಂದ ಕಾರಣವನ್ನು ಮೊದಲು ನೆನಪಿಸುತ್ತೇನೆ. 5ನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ಎಂಜಿನ್ ಸುತ್ತು ಮಾತ್ರ ಏರುತ್ತಿತ್ತು, ಗಾಡಿಯ ವೇಗ ಇದ್ದಲ್ಲೇ ಇರುತ್ತಿತ್ತು. ಕ್ಲಚ್ ಸ್ಲಿಪ್ ಆಗುತ್ತಿದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ತಮ್ಮ ಅಡ್ವೈಸರ್ ಕೂಡ ಒಂದು ಸುತ್ತು ಓಡಿಸಿ ನೋಡಿ ಅದನ್ನೇ ಹೇಳಿದರು. ಬೆಲ್ಟ್‌ನ ಅಂಚಿನಲ್ಲಿ ಎಳೆ ಬಿಟ್ಟಿದ್ದನ್ನು ತೋರಿಸಿ, "ಹೇಗೂ ಬಿಚ್ತೀವಿ ಸಾರ್, ಬೆಲ್ಟು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೇ ಹಾಕ್ಬಿಡೋಣ" ಎಂದವರೂ ಅವರೇ. ಸರಿಯಾದ ಮಾತು. ಹಲ್ಲು ಸವೆದ ಸ್ಪ್ರಾಕೆಟ್ ಮೇಲೆ ಹೊಸ ಬೆಲ್ಟ್ ಹಾಕಿದರೆ ಬೆಲ್ಟ್‌ನ ಹಲ್ಲು ಅದರಲ್ಲಿ ಸರಿಯಾಗಿ ಕೂರುವುದಿಲ್ಲ, ಹೊಸದೂ ಬೇಗ ಹಾಳಾಗುತ್ತದೆ. ಅದಕ್ಕೇ ಎರಡನೇ ಮಾತಿಲ್ಲದೆ ಒಪ್ಪಿದೆ.

ಈ ಗಾಡಿಯಲ್ಲಿ ಕ್ಲಚ್ ಕೆಲಸ ಬೈಕಿನಷ್ಟು ಸುಲಭವಲ್ಲ ಎಂಬುದು ನನಗೂ ಗೊತ್ತು. ಮುಂದೆ ಕಾರಿನ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಶಾಫ್ಟ್, ಶಾಫ್ಟಿನ ತುದಿಯಲ್ಲಿ ತಿರುಗುವಿಕೆಯನ್ನು 90 ಡಿಗ್ರಿ ಹೊರಳಿಸುವ ಬೆವೆಲ್ ಗೇರಿನ ಪೆಟ್ಟಿಗೆ, ಅದರಿಂದ ಬೆಲ್ಟ್, ಕೊನೆಗೆ ಒಂದೇ ಒಂದು ಚಕ್ರ. ಎಂಜಿನ್ನಿನ ಶಕ್ತಿಯೆಲ್ಲ ಆ ಒಂದು ಚಕ್ರದ ಮೂಲಕವೇ ನೆಲ ಮುಟ್ಟಬೇಕು. ಕ್ಲಚ್ ಪ್ಲೇಟನ್ನು ಕಣ್ಣಿಂದ ನೋಡಬೇಕಾದರೂ ಇಷ್ಟನ್ನೆಲ್ಲ ಸರಿಸಿ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಕೂಲಿ ಹೆಚ್ಚಾದದ್ದಕ್ಕೆ ನಾನು ಚಕಾರ ಎತ್ತಿಲ್ಲ, ಈಗಲೂ ಎತ್ತುವುದಿಲ್ಲ. ಆದರೆ ಅಷ್ಟು ಬಿಚ್ಚಿದ ಮೇಲೆ ಒಳಗಿನದನ್ನೆಲ್ಲ ನೋಡಿ ಮುಚ್ಚಬೇಕಲ್ಲವೇ?

ಗಾಡಿ ಕೈಗೆ ಬಂದ ಮೊದಲ ದಿನವೇ, ನಿಂತಲ್ಲಿಂದ ಹೊರಡುವಾಗ ಕ್ಲಚ್ ಬಿಟ್ಟರೆ ಇಡೀ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಫೋನ್ ಮಾಡಿದೆ. "ಹೊಸ ಕ್ಲಚ್ ಅಲ್ವಾ ಸಾರ್, ಸೆಟ್ ಆಗೋಕೆ ಸ್ವಲ್ಪ ಓಡ್ಬೇಕು" ಎಂಬ ಉತ್ತರ ಬಂತು. ಹೊಸ ಪ್ಲೇಟ್ ಪಳಗಲು ಕೆಲವು ನೂರು ಕಿಲೋಮೀಟರ್ ಬೇಕು ಎಂಬುದು ನಿಜವೇ. ಎಳೆದಾಡದೆ, ಬಿರುಸಾಗಿ ಹೊರಡದೆ, ಹೊಸ ಮದುಮಗಳನ್ನು ಮನೆ ತುಂಬಿಸಿಕೊಂಡಷ್ಟು ಜೋಪಾನವಾಗಿ 640 ಕಿ.ಮೀ. ಓಡಿಸಿದೆ. ನಡುಕ ಹೋಗಲಿಲ್ಲ. ಅದರ ಜೊತೆಗೆ ಇನ್ನೆರಡು ಸೇರಿಕೊಂಡವು.

ಒಂದು, ಕ್ಲಚ್ ಪೆಡಲ್ ಒತ್ತಿದ ಕೂಡಲೇ ಗರಗರ ಎನ್ನುವ ಸದ್ದು. ಕಾಲು ತೆಗೆದರೆ ಸದ್ದಿಲ್ಲ. ಇದಕ್ಕೂ ಮತ್ತೆ ಫೋನ್ ಮಾಡಿದಾಗ "ಗೇರ್‌ಬಾಕ್ಸ್ ಹಳೇದಾಗಿದೆ, ಅದರ ಬೇರಿಂಗ್ ಸೌಂಡು" ಎಂದರು. ಸ್ವಾಮಿ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಹೋಗಿದ್ದರೆ ಆಗುವುದು ಇದಕ್ಕೆ ತಿರುಗುಮುರುಗು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಪೆಡಲ್ ಬಿಟ್ಟಿದ್ದಾಗ ಸದ್ದು ಬರುತ್ತದೆ, ಒತ್ತಿದರೆ ಶಾಫ್ಟ್ ನಿಂತು ಸದ್ದೂ ನಿಲ್ಲುತ್ತದೆ. ಒತ್ತಿದಾಗ ಮಾತ್ರ ಕೂಗುವುದು ಸಾಮಾನ್ಯವಾಗಿ ರಿಲೀಸ್ ಬೇರಿಂಗ್, ಇಲ್ಲವೇ ಆ ಇನ್‌ಪುಟ್ ಶಾಫ್ಟಿನ ತುದಿಯನ್ನು ಹಿಡಿದಿರುವ ಪೈಲಟ್ ಬೇರಿಂಗ್. ಮೊದಲನೆಯದನ್ನು ಹೊಸದು ಹಾಕಿದ್ದೇವೆ ಎಂದು ಬಿಲ್ ಹೇಳುತ್ತದೆ. ಎರಡನೆಯದರ ಸುದ್ದಿಯೇ ಬಿಲ್ಲಿನಲ್ಲಿಲ್ಲ. ಕ್ಲಚ್ ಪ್ಲೇಟ್ ಪಳಗುತ್ತದೆ ಎಂದರೆ ಒಪ್ಪೋಣ, ಕೂಗುವ ಬೇರಿಂಗ್ ಎಂದಾದರೂ ಪಳಗಿ ಸುಮ್ಮನಾದದ್ದುಂಟೇ?

ಇನ್ನೊಂದು, ಹಿಂದಿನಿಂದ ಕಿಂಯ್ ಕಿಂಯ್ ಎಂಬ ಬೆಲ್ಟಿನ ಕೂಗು. ನಿಧಾನಕ್ಕೆ ಹೋಗುವಾಗ ಚಕ್ರದ ಪ್ರತಿ ಸುತ್ತಿಗೂ ಒಮ್ಮೆ.

ಕೊನೆಗೆ ಇಂಥ ಗಾಡಿಗಳ ಕೆಲಸ ಬಲ್ಲ ಬೇರೆ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಏನನ್ನೂ ಬಿಚ್ಚಲಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. "ಹೊರಗಡೆ ಬಿಚ್ಚಿಸಿದ್ದೀರಿ, ವಾರಂಟಿ ಇಲ್ಲ" ಎಂಬ ಮಾತು ನಾಳೆ ಬರಬಾರದು. ಹಿಂಭಾಗವನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತಾ ಟಾರ್ಚ್ ಹಿಡಿದರು. ಬೆಲ್ಟ್ ಹೊಸದು, ಮುಂದಿನ ಸ್ಪ್ರಾಕೆಟ್ ಹೊಸದು, ಅದರಲ್ಲಿ ಅನುಮಾನವಿಲ್ಲ. ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳು ಮಾತ್ರ ಒಂದು ಬದಿಗೆ ಸವೆದು ಕೊಕ್ಕೆಯಂತೆ ಬಾಗಿದ್ದವು. ಅಷ್ಟರಲ್ಲಿ ಟಾರ್ಚಿನ ಬೆಳಕಿಗೆ ಒಂದು ಹಲ್ಲಿನ ಪಕ್ಕ ಗುಲಾಬಿ ಚುಕ್ಕೆ ಕಾಣಿಸಿತು.

ಆ ಚುಕ್ಕೆ ಇಟ್ಟವನು ನಾನೇ. ಚಕ್ರ ತಿರುಗಿದಂತೆ ಬೆಲ್ಟ್‌ನ ಬಿಗಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ. ತೀರ ಬಿಗಿ ಇರುವ ಜಾಗ ಹುಡುಕಿ, ಅಲ್ಲಿ ಬಿಗಿ ಅಳೆಯಬೇಕು. ಹೋದ ವರ್ಷ ಹಾಗೆ ಅಳೆಯುವಾಗ ಗುರುತಿಗೆ ಬೇರೇನೂ ಸಿಗದೆ ಮಗಳ ನೇಲ್ ಪಾಲಿಶ್ ತಂದು ಒಂದು ಬೊಟ್ಟು ಇಟ್ಟಿದ್ದೆ. ಅವಳ ಬಾಟಲಿ ಒಣಗಿಸಿಟ್ಟೆ ಎಂದು ಬೈಸಿಕೊಂಡಿದ್ದೆ ಕೂಡ. ಬಿಲ್ಲಿನ ಪ್ರಕಾರ ಗುಜರಿ ಸೇರಿರಬೇಕಾದ ಸ್ಪ್ರಾಕೆಟ್, ಅದೇ ಬೊಟ್ಟು ಇಟ್ಟುಕೊಂಡು ನನ್ನ ಚಕ್ರದ ಪಕ್ಕದಲ್ಲೇ ಕೂತಿದೆ. ಬೊಟ್ಟು ಇಟ್ಟ ದಿನ ತೆಗೆದ ಫೋಟೊ ಮತ್ತು ಮೊನ್ನೆ ತೆಗೆದ ಫೋಟೊ ಎರಡನ್ನೂ ಲಗತ್ತಿಸಿದ್ದೇನೆ. ಚುಕ್ಕೆಯ ಪಕ್ಕದ ಗೀರು ಕೂಡ ಎರಡರಲ್ಲೂ ಒಂದೇ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಡೀ ಬಿಲ್ಲಿನಲ್ಲಿ ಈ ಸ್ಪ್ರಾಕೆಟ್‌ನ ಪಾಲು ದೊಡ್ಡದೇನಲ್ಲ. ಆದರೆ ಹೊರಗೆ, ಬಗ್ಗಿದರೆ ಕಾಣುವ ಭಾಗದಲ್ಲೇ ಹೀಗಾದರೆ, ಗೇರ್‌ಬಾಕ್ಸಿನ ಮರೆಯಲ್ಲಿ ಮುಚ್ಚಿಹೋಗಿರುವ ಭಾಗಗಳನ್ನು ನಾನು ಯಾವ ಧೈರ್ಯದ ಮೇಲೆ ನಂಬಲಿ? ಹೊರಡುವಾಗಿನ ನಡುಕಕ್ಕೆ ಫ್ಲೈವೀಲ್, ಅಂದರೆ ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಚಕ್ರ, ಕಾರಣವಿರಬಹುದು ಎಂಬುದು ನನ್ನ ಗುಮಾನಿ. ಮೊದಲು ಅಷ್ಟು ದಿನ ಕ್ಲಚ್ ಸ್ಲಿಪ್ ಆಗಿ ಬಿಸಿಯೇರಿದ ಫ್ಲೈವೀಲ್‌ನ ಮುಖದಲ್ಲಿ ನೀಲಿ ಕಲೆಗಳೆದ್ದಿದ್ದರೆ, ಅದನ್ನು ಲೇತಿಗೆ ಕೊಟ್ಟು ಸಮ ಮಾಡಿಸಬೇಕಿತ್ತು, ಇಲ್ಲವೇ ಬದಲಾಯಿಸಬೇಕಿತ್ತು. ಜಾಬ್ ಕಾರ್ಡಿನಲ್ಲಿ ಫ್ಲೈವೀಲ್ ಎಂಬ ಪದವೇ ಇಲ್ಲ. ಅಥವಾ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒಸರಿ ಹೊಸ ಪ್ಲೇಟಿಗೆ ಎಣ್ಣೆ ತಾಗಿರಲೂಬಹುದು. ಇವೆರಡೂ ನನ್ನ ಅನುಮಾನಗಳು, ಆರೋಪವಲ್ಲ. ಸ್ಪ್ರಾಕೆಟ್ ವಿಷಯ ಮಾತ್ರ ಆರೋಪ.

ಹಳೆಯ ಭಾಗಗಳನ್ನು ವಾಪಸ್ ಕೊಡಿ ಎಂದು ಗಾಡಿ ಬಿಡುವ ದಿನವೇ ಜಾಬ್ ಕಾರ್ಡ್ ಮೇಲೆ ಬರೆಸಿದ್ದೆ, ಪ್ರತಿ ನನ್ನ ಬಳಿ ಇದೆ. ಡೆಲಿವರಿ ದಿನ ಕೇಳಿದಾಗ "ಗುಜರಿಯವರು ನಿನ್ನೆ ಬಂದು ತಗೊಂಡ್ ಹೋದ್ರು" ಎಂದರು. ಆಗಲೇ ಪಟ್ಟು ಹಿಡಿಯಬೇಕಿತ್ತು. ಹೊಸ ಕ್ಲಚ್ ಓಡಿಸುವ ಉಮೇದಿನಲ್ಲಿ ಸುಮ್ಮನೆ ಬಂದದ್ದು ನನ್ನ ತಪ್ಪು.

ಈಗ ನಾನು ಕೇಳುವುದು ಇಷ್ಟು. ಗೇರ್‌ಬಾಕ್ಸನ್ನು ನನ್ನ ಎದುರಿಗೆ ಇಳಿಸಿ, ಕ್ಲಚ್ ಪ್ಲೇಟ್, ಫ್ಲೈವೀಲ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಆಯಿಲ್ ಸೀಲ್ ಐದನ್ನೂ ತೋರಿಸಬೇಕು. ಬಿಲ್ಲಿನಲ್ಲಿ ಹೊಸದೆಂದು ಬರೆದು ಹಳೆಯದನ್ನೇ ಬಿಟ್ಟಿರುವುದು ಯಾವುದೇ ಇರಲಿ, ಅದನ್ನು ತಮ್ಮ ಖರ್ಚಿನಲ್ಲಿ ಬದಲಾಯಿಸಬೇಕು, ಮತ್ತೆ ಇಳಿಸಿ ಏರಿಸುವ ಕೂಲಿಯೂ ತಮ್ಮದೇ. ಫ್ಲೈವೀಲ್ ಅಥವಾ ಸೀಲ್‌ನಲ್ಲಿ ದೋಷ ಕಂಡರೆ ಆ ಭಾಗದ ಬೆಲೆಯನ್ನು ನಾನೇ ಕೊಡುತ್ತೇನೆ, ಅದು ನ್ಯಾಯ. ಹಿಂದಿನ ಸ್ಪ್ರಾಕೆಟ್ ಜೊತೆಗೆ ಬೆಲ್ಟನ್ನೂ ಮತ್ತೆ ಹೊಸದು ಹಾಕಬೇಕು. ಸವೆದ ಹಲ್ಲಿನ ಮೇಲೆ 640 ಕಿ.ಮೀ. ಓಡಿದ ಬೆಲ್ಟನ್ನು ಹೊಸ ಸ್ಪ್ರಾಕೆಟ್ ಮೇಲೆ ಹಾಕಿಸಿಕೊಳ್ಳಲು ನಾನು ಸಿದ್ಧನಿಲ್ಲ. ಹೊಸ ಬೆಲ್ಟನ್ನು ಮಡಚಿ ಗಂಟು ಕಟ್ಟಿ ಶೆಲ್ಫಿನಲ್ಲಿ ತುರುಕಿದ್ದನ್ನು ತಮ್ಮ ಸ್ಪೇರ್ಸ್ ಕೌಂಟರಿನಲ್ಲಿ ನೋಡಿದ್ದೇನೆ. ಹಾಗೆ ಮಡಚಿದರೆ ಒಳಗಿನ ಎಳೆಗಳು ಹೊರಗೆ ಕಾಣದಂತೆ ಮುರಿಯುತ್ತವೆ, ನನಗೆ ಮಡಿಕೆ ಬೀಳದ ಬೆಲ್ಟ್ ಬೇಕು. ಆಕ್ಸಲ್ ನಟ್ಟನ್ನು ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿದು, ಆ ಅಳತೆಯನ್ನೂ ಬೆಲ್ಟಿನ ಬಿಗಿಯನ್ನೂ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಿಕೊಡಬೇಕು. ತೆಗೆದ ಭಾಗಗಳೆಲ್ಲ ಈ ಸಲ ಗಾಡಿಯ ಜೊತೆಗೇ ನನಗೆ ಬರಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗಾಡಿ ತಯಾರಿಸಿದ ಕಂಪನಿಗೆ ಇದೇ ಪತ್ರವನ್ನು ಫೋಟೊಗಳ ಸಮೇತ ಕಳಿಸಿ, ಕಾನೂನಿನ ದಾರಿ ಹಿಡಿಯುತ್ತೇನೆ. ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ, ಅದು ಈಗಾಗಲೇ ಮೂರು ಸಲ ಆಗಿದೆ.

ಗಾಡಿಯನ್ನು ನಾನು ಓಡಿಸುತ್ತಿಲ್ಲ, ಮನೆಯಲ್ಲೇ ನಿಲ್ಲಿಸಿದ್ದೇನೆ. ಒಯ್ಯಲು ಬರುವವರಿಗೆ ದಯವಿಟ್ಟು ಒಂದು ಮಾತು ಹೇಳಿ ಕಳಿಸಿ: ಮುಂದಿನ ಎರಡು ಚಕ್ರ ಎತ್ತಿ, ಹಿಂದಿನ ಚಕ್ರವನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಎಳೆದೊಯ್ಯುವಂತಿಲ್ಲ. ಮೂರೂ ಚಕ್ರ ಮೇಲೆ ಕೂರುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ತರಲಿ.

ಇತಿ,
ತಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಜಾಬ್ ಕಾರ್ಡಿನ ಪ್ರತಿ, ಸ್ಪ್ರಾಕೆಟ್‌ನ ಎರಡು ಫೋಟೊ, ಪೆಡಲ್ ಒತ್ತಿದಾಗಿನ ಸದ್ದಿನ ವಿಡಿಯೊ.